ಎಡಗಾಲಿನ ಬೂಟು

ಹೆಣ್ಣು ಕೇಳಲು ಹೋಗುವಾಗ ಜೊತೆಗೆ ಹಿರಿಯರಿರಬೇಕು. ಕ್ರಿಸ್ಪುಲೊನ ಹಿರಿಯರೆಲ್ಲ ಯುದ್ಧದಲ್ಲಿ ತೀರಿಕೊಂಡಿದ್ದರು. ಹಾಗಾಗಿ ಭಾನುವಾರ ಚರ್ಚು ಬಿಟ್ಟ ಮೇಲೆ ಅವನು ವಿಮಾನ ಹಾರಿಸುತ್ತಿದ್ದ ಮಿಂಚುಳ್ಳಿ ಸ್ಕ್ವಾಡ್ರನ್ನಿನ ಆರು ಪೈಲಟ್‌ಗಳು ಅವನ ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವಂದಿರಾಗಿ ಒಂದೇ ಜೀಪಿನಲ್ಲಿ ತುರುಕಿಕೊಂಡು, ಹುರಿದ ಹಂದಿಮರಿಯನ್ನು ತೊಡೆಗಳ ಮೇಲೆ ಅಡ್ಡ ಮಲಗಿಸಿಕೊಂಡು ಹುಡುಗಿಯ ಊರು ಲುಬಾವೊಗೆ ಬಂದಿಳಿದರು. ಅಪ್ಪನ ಜಾಗದಲ್ಲಿ ಕಮಾಂಡರ್ ಮೇಜರ್ ಅಬೆಲಾರ್ದೊ. ಅವರ ಕಂಕುಳಲ್ಲಿ ಸ್ಕ್ವಾಡ್ರನ್ನಿನ ಚರಿತ್ರೆಯ ದಪ್ಪ ಪುಸ್ತಕ.

ಹುಡುಗಿ ಲುದಿವೀನಾಳ ಅಪ್ಪ ಹಿಲಾರಿಯೊಗೆ ಮೀನು ಸಾಕುವ ಕೊಳಗಳಿದ್ದವು. ಆತ ಹಂದಿಮರಿಯತ್ತ ಕಣ್ಣೆತ್ತಿಯೂ ನೋಡಲಿಲ್ಲ.

"ಹುಡುಗನ ವಂಶ ಯಾವ್ದು?"

"ನಾವೇ ಅವನ ವಂಶ, ಯಜಮಾನ್ರೇ," ಎಂದು ಮೇಜರ್ ಪುಸ್ತಕ ಬಿಚ್ಚಿದರು. "ಸಾವಿರದ ಒಂಬೈನೂರ ನಲವತ್ತೇಳು. ಎಂಜಿನ್ ಕೆಟ್ಟು ನಾನು ಲುಬಾವೊ ಹತ್ರ ಬಯಲಲ್ಲಿ ಇಳಿದೆ. ವಿಮಾನಕ್ಕೆ ಬೆಂಕಿ ಹತ್ತಿ ಎಡಗಾಲಿನ ಬೂಟು ಸುಟ್ಟುಹೋಯ್ತು."

ಬಲಗಾಲಿನ ಬೂಟು ಮೆಸ್ಸಿನ ಬಾಗಿಲ ಮೇಲೆ ನೇತಾಡುತ್ತಿತ್ತು. ಅದನ್ನು ಮುಟ್ಟದೆ ಯಾವ ಪೈಲಟ್ಟೂ ಹಾರುತ್ತಿರಲಿಲ್ಲ.

ಹಿಲಾರಿಯೊನ ಮೀಸೆ ಕುಣಿಯಿತು. "ಬಯಲು? ಅದು ನನ್ನ ಕೊಳ ಕಣ್ರೀ, ನಿಮ್ಮನ್ನ ದಡಕ್ಕೆ ಎಳೆದು ಹಾಕಿದ್ದೂ ನಾನೇ. ಬೆಳಗಾಗೋದ್ರೊಳಗೆ ನಿಮ್ಮೋರು ಲಾರಿ ತಂದು ವಿಮಾನ ಎತ್ಕೊಂಡು ಹೋದ್ರು. ಕೊಳಕ್ಕೆ ವಿಮಾನ ಬಿತ್ತು ಅಂದಿದ್ದಕ್ಕೆ ಆರು ವರ್ಷದಿಂದ ಊರೋರೆಲ್ಲ ನನ್ನ ಬುರುಡೆ ಹಿಲಾರಿಯೊ ಅಂತಿದಾರೆ."

"ಕತ್ತಲಲ್ಲಿ ಬೇರೆ ಯಾರನ್ನೋ ನೋಡಿರ್ತೀರಿ," ಎಂದರು ಮೇಜರ್.

ಹಿಲಾರಿಯೊ ಒಳಗೆ ಹೋಗಿ ಕೆಸರು ಒಣಗಿ ಕಲ್ಲಾಗಿದ್ದ ಬೂಟೊಂದನ್ನು ತಂದು ಹಂದಿಮರಿಯ ಪಕ್ಕದಲ್ಲಿಟ್ಟ. ಅದರ ಹಿಮ್ಮಡಿಯ ಮೇಲೆ ಹಳದಿ ದಾರದಲ್ಲಿ ಹೊಲಿದ ನಕ್ಷತ್ರ.

ಆ ನಕ್ಷತ್ರದ ಜೋಡಿಯನ್ನು ಕ್ರಿಸ್ಪುಲೊ ಮೆಸ್ಸಿನ ಬಾಗಿಲಲ್ಲಿ ನೂರಾರು ಸಲ ಮುಟ್ಟಿದ್ದ.

"ನೀ ಹೇಳಪ್ಪ," ಎಂದ ಹಿಲಾರಿಯೊ. "ಇದರ ಜೋಡಿ ನಿಮ್ಮೋರ ಹತ್ರ ಇದೆಯೋ ಇಲ್ವೋ? ನನ್ನ ಸುಳ್ಳುಗಾರ ಅನ್ನೋನಿಗೆ ಮಗಳನ್ನ ಕೊಡಲ್ಲ."

ಚಿಕ್ಕಪ್ಪಂದಿರು ಚಾವಣಿ ನೋಡತೊಡಗಿದರು. ಮೇಜರ್ ಕಣ್ಣಲ್ಲೇ ಗದರಿದರು. ಹೌದೆಂದರೆ ನಾಳೆಯಿಂದ ವಿಮಾನ ಹಾರಿಸುವ ಬದಲು ವಿಮಾನ ತೊಳೆಯಬೇಕಾದೀತು. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಲುದಿವೀನಾಳ ಮೂಗಿನ ತುದಿ ಕಾಣುತ್ತಿತ್ತು.

"ಜೋಡೀನೇ, ತಾತಂಗ್," ಎಂದ ಕ್ರಿಸ್ಪುಲೊ. ಇನ್ನೂ ಮಾವನಾಗದವನನ್ನು ತಮ್ಮ ನುಡಿಯಲ್ಲಿ ಅಪ್ಪಾ ಎಂದು ಕರೆದದ್ದು ಅವನಿಗೇ ಗೊತ್ತಾಗಲಿಲ್ಲ.

ಮೇಜರ್ ಬೂಟನ್ನು ಕೈಗೆತ್ತಿಕೊಂಡು ಕೊಡವಿದರು. ಒಣಗಿ ಕಡ್ಡಿಯಾದ ಮೀನೊಂದು ಪುಸ್ತಕದ ಮೇಲೆ ಬಿತ್ತು. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ಭುಜ. ಕೊನೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆರೂ ಚಿಕ್ಕಪ್ಪಂದಿರು ಒಬ್ಬರ ಮೇಲೊಬ್ಬರು ಉರುಳಿದರು.

"ಕೊಳದೊಳಗೆ ಬಿದ್ದೆ ಅಂತ ಯಾವ ಬಾಯಲ್ಲಿ ಹೇಳ್ಲಿ, ಯಜಮಾನ್ರೇ? ನಮ್ಮದು ಮಿಂಚುಳ್ಳಿ ಸ್ಕ್ವಾಡ್ರನ್. ಮೀನು ಹಿಡಿಯೋಕೆ ಹೋಗಿದ್ದ ಅಂತಿದ್ರು."

ಅವರು ಪೆನ್ನು ತೆಗೆದು 'ಬಯಲು' ಎಂಬುದನ್ನು ಹೊಡೆದುಹಾಕಿ 'ಹಿಲಾರಿಯೊನ ಕೊಳ' ಎಂದು ಬರೆದರು. ಹಿಲಾರಿಯೊ ಅವರ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಮೀನಿನ ಸಾರು ಕೊಟ್ಟು ಜೀವ ಉಳಿಸಿದೆ ಅಂತಾನೂ ಬರೀರಿ."

"ಸಾರು ಮಾಡಿದ್ದು ನಾನು," ಎಂದು ಬಾಗಿಲ ಸಂದಿಯಿಂದ ದನಿ ಬಂತು. "ನನ್ನ ಹೆಸರೂ ಹಾಕ್ಲಿ."

ಮೇಜರ್ ಪೆನ್ನೆತ್ತಿ ಕೇಳಿದರು: "ಯಾವ ಮನೆತನದ ಹೆಸರು ಹಾಕ್ಲಮ್ಮ? ಅಪ್ಪಂದೋ, ಇವನದೋ?"

ಒಳಗೆ ಪಾತ್ರೆಯೊಂದು ಧಡಾರನೆ ಬಿತ್ತು.

"ಇವನದೇ ಹಾಕಿ," ಎಂದ ಹಿಲಾರಿಯೊ, ಹಂದಿಮರಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ. "ಚರಿತ್ರೇಲಿ ಮತ್ತೆ ಕಾಟು ಹೊಡೆಯೋದು ಬೇಡ."