ಚೋಂದಮ್ಮ ಆರಿಸಿದ ಕೋವಿ

ಹೆದರಬೇಡಿ, ನನ್ನೊಳಗೆ ಈಗ ಗುಂಡಿನ ತೋಟೆ ಇಲ್ಲ. ನಾನು ಒಂದು ರೈಫಲ್ಲು. ಕೊಡಗಿನವರ ಬಾಯಲ್ಲಿ ಕೋವಿ. ಕೋವಿ ಎಂದೊಡನೆ ನೀವು ದೊಡ್ಡ ಸದ್ದು, ದೊಡ್ಡ ಒದೆತ, ದೊಡ್ಡ ಮೀಸೆ ಎಂದೆಲ್ಲ ಎಣಿಸಿಕೊಂಡಿದ್ದರೆ ನಿಮಗೆ ನಿರಾಸೆಯಾದೀತು. ನಾನು ಗಿಡ್ಡ, ಹಗುರ. ನನ್ನ ನಳಿಗೆಯ ತೂತಿನಲ್ಲಿ ಮಗುವಿನ ಕಿರುಬೆರಳೂ ಹೋಗದು. ಸಿಡಿದಾಗ ಭುಜವನ್ನು ಒದೆಯುವ ಬದಲು ಸುಮ್ಮನೆ ತಟ್ಟುತ್ತೇನೆ. ಈ ಒಂದು ಗುಣಕ್ಕಾಗಿ ನನ್ನನ್ನು ಒಬ್ಬ ತಾಯಿ ತನ್ನ ಮಗನಿಗೆಂದು ಆರಿಸಿದರು. ಅವರ ಆಯ್ಕೆ ಸರಿಯಾಗಿತ್ತು. ಆದರೆ ಅದು ಸರಿಯಾಗಿತ್ತು ಎಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಚಳಿಯ ಊರಿನಲ್ಲಿ. ಅಕ್ರೋಟು ಮರದ ಒಂದು ತುಂಡಿಗೂ ಉಕ್ಕಿನ ಒಂದು ಕೊಳವೆಗೂ ಅಲ್ಲಿ ಮದುವೆ ಮಾಡಿಸಿದರು, ನಾನಾದೆ. ಹಡಗಿನಲ್ಲಿ ಬಂದು ಸಿದ್ದಾಪುರದ ಕಡೆಯ ಕಾಫಿ ತೋಟದ ದೊರೆಸಾನಿಯೊಬ್ಬರ ಕೈ ಸೇರಿದೆ. ಆಕೆ ಕುಳ್ಳಿ. ಭುಜಕ್ಕೆ ಆನಿಸುವ ನನ್ನ ಮರದ ಬುಡವನ್ನು ಬಡಗಿಯಿಂದ ಎರಡು ಬೆರಳಿನಷ್ಟು ಕೊಯ್ಯಿಸಿದರು. ನೋವೇನೂ ಆಗಲಿಲ್ಲ, ಮಾನ ಸ್ವಲ್ಪ ಹೋಯಿತು. ಆಕೆ ತಮ್ಮ ದೇಶಕ್ಕೆ ಹಿಂದಿರುಗುವಾಗ ನನ್ನನ್ನು ಮೈಸೂರಿನ ಬಂದೂಕಿನ ಅಂಗಡಿಯಲ್ಲಿ ಬಿಟ್ಟು ಹೋದರು. ಅಲ್ಲಿ ಮೂರು ವರ್ಷ ಮೂಲೆ ಹಿಡಿದು ನಿಂತೆ. ಬಂದವರೆಲ್ಲ ನನ್ನನ್ನು ಎತ್ತಿ, ನಕ್ಕು, ಕೆಳಗಿಡುತ್ತಿದ್ದರು. ಒಬ್ಬರಂತೂ ಇದರಿಂದ ಬೆನ್ನು ಕೆರೆದುಕೊಳ್ಳಬಹುದು ಎಂದರು.

ಒಂದು ದಿನ ಮೂವರು ಬಂದರು. ಸೇನೆಯಿಂದ ನಿವೃತ್ತರಾದ ಸುಬೇದಾರ್ ಉತ್ತಯ್ಯ, ಅವರ ಹೆಂಡತಿ ಚೋಂದಮ್ಮ, ಹದಿಮೂರು ವರ್ಷದ ಮಗ ಪೂವಯ್ಯ. ಹುಡುಗ ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟ. ಅವನಿಗೆ ಗೋಡೆಯ ತುಂಬ ಸಾಲಾಗಿ ನಿಂತ ನಮ್ಮನ್ನು ಕಂಡೇ ಬೆವರು.

ಕಾರಣವನ್ನು ಚೋಂದಮ್ಮನೇ ಅಂಗಡಿಯ ಇಮಾಮ್ ಸಾಹೇಬರಿಗೆ ಹೇಳಿದರು. ಉತ್ತಯ್ಯನವರ ಮನೆಯಲ್ಲಿ ಗಂಡುಹುಡುಗ ಮೊದಲ ಗುಂಡು ಹೊಡೆಯಬೇಕಾದದ್ದು ಮುತ್ತಜ್ಜನ ಜೋಡುನಳಿಗೆ ಕೋವಿಯಿಂದ. ಅದು ಆ ಮನೆಯ ರೂಢಿ. ಆ ಮುದುಕ ಕೋವಿಯ ತೂಕವೇ ಹುಡುಗನ ತೂಕದ ಕಾಲುಪಾಲು. ಪೂವಯ್ಯ ಬೆರಳಿನಿಂದ ಕೋವಿಯ ಕುದುರೆ ಎಳೆದ, ಅಂಗಾತ ಬಿದ್ದ. ನೆಂಟರೆಲ್ಲ ಚಪ್ಪಾಳೆ ತಟ್ಟಿ ನಕ್ಕರು. ಭುಜ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದನ್ನು ಹುಡುಗ ಯಾರಿಗೂ ಹೇಳಲಿಲ್ಲ. ವಾರದ ಮೇಲೆ ಎಣ್ಣೆಸ್ನಾನಕ್ಕೆ ಅಂಗಿ ಬಿಚ್ಚಿಸಿದಾಗ ತಾಯಿ ಕಂಡರು. ಅಂದಿನಿಂದ ಯಾವ ಕೋವಿ ಕೊಟ್ಟರೂ ಕುದುರೆ ಎಳೆಯುವ ಮೊದಲೇ ಅವನ ಕಣ್ಣು ಮುಚ್ಚಿಹೋಗುತ್ತಿತ್ತು.

ಚೋಂದಮ್ಮ ತವರಿನಲ್ಲಿ ಕೋವಿ ಹಿಡಿದು ಬೆಳೆದವರು. ಅವರು ಕೋವಿಯ ಚೆಂದ ನೋಡಲಿಲ್ಲ, ಮಗನ ತೋಳು ನೋಡಿದರು. ಅವನ ಮೊಣಕೈ ಮಡಿಸಿ, ಒಂದೊಂದೇ ಕೋವಿಯ ಬುಡವನ್ನು ಅಲ್ಲಿಗೆ ಆನಿಸಿ, ಬೆರಳು ಕುದುರೆಯವರೆಗೆ ಆರಾಮಾಗಿ ಮುಟ್ಟುತ್ತದೆಯೇ ಎಂದು ನೋಡಿದರು. ನಾಲ್ಕು ಕೋವಿಗಳಲ್ಲಿ ಮುಟ್ಟಲಿಲ್ಲ. ಐದನೆಯವನು ನಾನು. ನನ್ನ ಹೋದ ಮಾನ ಆ ಕ್ಷಣ ವಾಪಸು ಬಂತು.

ಸಾಹೇಬರು ಎರಡು ಬಗೆಯ ತೋಟೆ ತಂದು ಮೇಜಿನ ಮೇಲಿಟ್ಟರು. ಒಂದರ ಗುಂಡು ಚಿಕ್ಕದು, ಹಗುರ. ಜಿಂಕೆಗೆ, ಕಾಡುಕುರಿಗೆ ಅದು ಧಾರಾಳ. ಕಡವೆಗಾದರೆ ಹತ್ತಿರ ಹೋಗಿ, ಜಾಗ ನೋಡಿ ಹೊಡೆಯಬೇಕು. ಇನ್ನೊಂದರದು ಉದ್ದ ಮೂತಿಯ ಭಾರದ ಗುಂಡು. ಅದನ್ನು ಹಾಕಿದರೆ ಈ ಪುಟ್ಟ ಕೋವಿಯೂ ಒದೆಯುತ್ತದೆ, ಗುಂಡು ಬೀಳುವ ಜಾಗವೂ ಬದಲಾಗುತ್ತದೆ, ಗುರಿಯನ್ನು ಮೊದಲಿನಿಂದ ಹೊಂದಿಸಬೇಕು ಎಂದು ವಿವರಿಸಿದರು. ಉತ್ತಯ್ಯ ಉದ್ದ ಮೂತಿಯದನ್ನು ಕೈಗೆತ್ತಿಕೊಂಡರು. ಚೋಂದಮ್ಮ ಅದನ್ನು ಅವರ ಕೈಯಿಂದ ತೆಗೆದು ಮೇಜಿನ ಮೇಲೆ ವಾಪಸಿಟ್ಟರು.

"ಅದು ಬೇಡ. ಯಾವ ತೋಟೆಯಲ್ಲಿ ಕಲಿತಾನೋ ಅದರಲ್ಲೇ ಹೊಡೀಲಿ," ಎಂದರು.

ಸುಬೇದಾರರು ದಾರಿಯುದ್ದಕ್ಕೂ ಗೊಣಗಿದರು. ಹೆಂಗಸರ ಕೋವಿ, ಗುಬ್ಬಿ ಹೊಡೆಯುವ ಕೋವಿ. ನಾನು ಬಸ್ಸಿನಲ್ಲಿ ಹುಡುಗನ ಮಡಿಲಲ್ಲಿ ಮಲಗಿ ಎಲ್ಲ ಕೇಳಿಸಿಕೊಂಡೆ.

ಕೊಯ್ಲು ಮುಗಿದ ಗದ್ದೆಯಲ್ಲಿ ನಮ್ಮ ಪಾಠ ಶುರುವಾಯಿತು. ದಿಣ್ಣೆಗೆ ಒರಗಿಸಿದ ಡಬ್ಬಿಯ ಮುಚ್ಚಳ ನಮ್ಮ ಗುರಿ. ಚೋಂದಮ್ಮ ಹಿಂದೆ ನಿಂತು ಮಗನ ಬೆನ್ನಿಗೆ ಅಂಗೈ ಇಡುತ್ತಿದ್ದರು, ಮಾತು ಕಡಿಮೆ. ದಿನಕ್ಕೆ ಮೂರೇ ಗುಂಡು, ಆಮೇಲೆ ಮನೆಗೆ. ಮೊದಲ ದಿನಗಳಲ್ಲಿ ಅವನ ರೆಪ್ಪೆ ಮುಚ್ಚುವುದು, ಕೆನ್ನೆ ನಡುಗುವುದು ನನ್ನ ಮರಕ್ಕೆ ತಿಳಿಯುತ್ತಿತ್ತು. ನಾನು ನನ್ನಿಂದಾದಷ್ಟು ಮೆತ್ತಗೆ ತಟ್ಟಿದೆ. ಎಂಟನೆಯ ದಿನ ಅವನ ರೆಪ್ಪೆ ಮುಚ್ಚಲಿಲ್ಲ. ಮುಚ್ಚಳ ಠಣ್ಣೆಂದು ಹಾರಿತು. "ಅವ್ವ, ಇದು ಒದೆಯುದಿಲ್ಲ," ಎಂದ. ನನ್ನ ಬಾಳಿನಲ್ಲಿ ಅಷ್ಟು ಸಂತೋಷ ನನಗೆ ಮತ್ತೆ ಆಗಲಿಲ್ಲ.

ಆಗಿನ್ನೂ ಪರವಾನಗಿ ಇದ್ದವರು ಬೇಟೆಯಾಡಬಹುದಾದ ಕಾಲ. ಮಾಘದಲ್ಲಿ ನೆಂಟರೆಲ್ಲ ಸೇರಿ ಕಾಡಿಗೆ ಹೊರಟರು. ಹೊರಡುವ ಬೆಳಿಗ್ಗೆ ಉತ್ತಯ್ಯ ನನ್ನನ್ನು ಒಳಕೋಣೆಗೆ ಒಯ್ದು, ಒಳಗಿದ್ದ ತೋಟೆಗಳನ್ನು ತೆಗೆದರು. ಜೇಬಿನಿಂದ ಬೇರೆ ತೋಟೆ ತೆಗೆದು ತುಂಬಿದರು. ಉದ್ದ ಮೂತಿಯವು. ಗೆಳೆಯನೊಬ್ಬನ ಹತ್ತಿರ ಕೇಳಿ ತಂದಿದ್ದರಂತೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಕಡವೆ ಎದುರಾದರೆ ಹಗುರ ಗುಂಡು ಸಾಲದೆ ಹೋದರೆ, ನೆಂಟರ ಮುಂದೆ ಮಗ ಮತ್ತೆ ನಗೆಪಾಟಲಾದರೆ ಎಂಬ ಭಯ. ಗುರಿ ಎಷ್ಟು ಬದಲಾದೀತು, ಅರ್ಧ ಗೇಣು ತಾನೇ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮಗನಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ.

ಪ್ರಾಣಿ ಹಾಯುವ ಇಕ್ಕಟ್ಟು ದಾರಿಗೆ ಗಂಡಿ ಎನ್ನುತ್ತಾರೆ. ಅಪ್ಪ ಮಗ ಇಬ್ಬರೂ ಒಂದೇ ಗಂಡಿಯಲ್ಲಿ ಕುಳಿತರು. ಕೆಳಗೆ ನಾಯಿಗಳು ಬೊಗಳಿದವು, ಸ್ವಲ್ಪ ಹೊತ್ತಿಗೆ ಒಂದು ಕಡವೆ ಬಂದು ಕೊಲ್ಲಿ ಎನ್ನುವ ಕಿರುಕಣಿವೆಯ ಆಚೆ ಬದಿಯಲ್ಲಿ ಅಡ್ಡಲಾಗಿ ನಿಂತಿತು. ಪೂವಯ್ಯ ನನ್ನನ್ನು ಎತ್ತಿದ. ಅವನ ಉಸಿರು ಸಮವಾಗಿತ್ತು. ಮುಂಗಾಲಿನ ನೇರಕ್ಕೆ, ಎದೆಯ ಕೆಳಭಾಗಕ್ಕೆ, ಹೃದಯ ಇರುವ ಕಡೆಗೇ ಗುರಿ ಹಿಡಿದ. ಅವನ ಎರಡು ಕಣ್ಣೂ ತೆರೆದಿದ್ದವು. ಅದಕ್ಕೆ ನಾನು ಸಾಕ್ಷಿ, ಕೆನ್ನೆ ನನ್ನ ಮೇಲಿತ್ತು.

ಗುಂಡು ಅರ್ಧ ಗೇಣು ಕೆಳಗೆ ಹೋಯಿತು. ಕಡವೆಯ ಮುಂಗಾಲು ಮುರಿಯಿತು. ಅದೇ ಹೊತ್ತಿಗೆ ನಾನು ನನ್ನನ್ನು ನಂಬಿದ ಭುಜವನ್ನು ಒದ್ದೆ.

ಕಡವೆ ಮೂರು ಕಾಲಿನಲ್ಲಿ ಕುಂಟುತ್ತ ಪೊದೆ ಹೊಕ್ಕಿತು. ಅದು ಸಿಕ್ಕಿದ್ದು ಮಾರನೆಯ ದಿನ ಮಧ್ಯಾಹ್ನ, ತೋಡಿನ ನೀರಿನಲ್ಲಿ ಕತ್ತು ಚಾಚಿ ಮಲಗಿತ್ತು, ಇನ್ನೂ ಜೀವವಿತ್ತು. ದೊಡ್ಡವರೊಬ್ಬರು ಮುಗಿಸಿದರು. ಹುಡುಗ ನೋಡುತ್ತ ನಿಂತಿದ್ದ. ಮತ್ತೆ ಕಣ್ಣು ಮುಚ್ಚಿದನಲ್ಲ ಎಂದು ನೆಂಟರು ತಮಾಷೆ ಮಾಡಿದರು.

ಪೂವಯ್ಯ ತಂದೆಯ ಹತ್ತಿರ ಬಂದು ಕೇಳಿದ, "ಅಪ್ಪ, ನಾನು ಕಣ್ಣು ಮುಚ್ಚಿದ್ದೆನಾ?"

ಉತ್ತಯ್ಯ ಮಗನನ್ನು ನೋಡಲಿಲ್ಲ. ನನ್ನನ್ನು ನೋಡಿದರು.

"ಇರಬಹುದು," ಎಂದರು.

ಮನೆಯಲ್ಲಿ ಚೋಂದಮ್ಮ ಎಲ್ಲ ಕೇಳಿ ಮಗನನ್ನು ಹತ್ತಿರ ಕೂರಿಸಿಕೊಂಡರು. "ತಪ್ಪು ನಿಂದಲ್ಲ ಮಗ. ಪುಟ್ಟ ಕೋವಿ ಸಾಕೂಂತ ಹಠ ಹಿಡಿದದ್ದು ನಾನು," ಎಂದರು. ಉತ್ತಯ್ಯ ಎರಡು ಮಾರು ದೂರದಲ್ಲಿ ಕುಳಿತು ಬೂಟಿನ ಲಾಡಿ ಬಿಚ್ಚುತ್ತಿದ್ದರು. ಒಂದು ಮಾತು ಸಾಕಾಗಿತ್ತು. ಯುದ್ಧದಲ್ಲಿ ಎದೆಗೊಟ್ಟು ನಿಂತ ಮನುಷ್ಯನಿಗೆ ಹೆಂಡತಿಯ ಮುಂದೆ ಆ ಒಂದು ಮಾತು ಆಡಲು ಧೈರ್ಯ ಬರಲಿಲ್ಲ. ನನಗೋ, ಗುಂಡು ಬಿಟ್ಟರೆ ಬಾಯಲ್ಲಿ ಬೇರೇನೂ ಬಾರದು. ಇದ್ದೂ ಇಲ್ಲದ ಬಾಯಿ ನನ್ನದು.

ಆಮೇಲಿನ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪೂವಯ್ಯ ಮತ್ತೆ ಕೋವಿ ಮುಟ್ಟಲಿಲ್ಲ. ತಂದೆಯ ಆಸೆಯಂತೆ ಸೇನೆಗೂ ಸೇರಲಿಲ್ಲ, ಗೋಣಿಕೊಪ್ಪದ ಪೋಸ್ಟ್ ಆಫೀಸಿನಲ್ಲಿ ಕೆಲಸಕ್ಕೆ ನಿಂತ. ತನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ ಅದು ಎಂದು ಎಲ್ಲದರಿಂದಲೂ ಹಿಂದೆ ಸರಿಯುವುದು ಅವನ ಅಭ್ಯಾಸವಾಯಿತು. ನನ್ನನ್ನು ಅವನ ಚಿಕ್ಕಪ್ಪನ ಮಕ್ಕಳು ಎರಡು ವರ್ಷಕ್ಕೆ ಒಯ್ದರು, ಗದ್ದೆಗೆ ಬರುವ ಹಂದಿಗಳನ್ನು ಬೆದರಿಸಿದರು, ವಾಪಸು ತಂದಿಟ್ಟರು. ಬೇಟೆಗೆ ನಿಷೇಧ ಬಂತು. ಒಳ್ಳೆಯದೇ ಆಯಿತು ಎಂದುಕೊಂಡೆ. ಚೋಂದಮ್ಮ ವರ್ಷಕ್ಕೊಮ್ಮೆ ನನಗೆ ಎಣ್ಣೆ ಹಚ್ಚುತ್ತಿದ್ದರು. ಹಚ್ಚುವಾಗಲೆಲ್ಲ, ನಿನ್ನನ್ನು ಆ ಅಂಗಡಿಯಲ್ಲೇ ಬಿಟ್ಟು ಬರಬೇಕಿತ್ತು ಎಂದು ಮೆಲ್ಲಗೆ ಹೇಳುತ್ತಿದ್ದರು. ನನಗೆ ತುಕ್ಕು ಹಿಡಿದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಹಾಗೆಯೇ ಎಣ್ಣೆ ಹಚ್ಚುತ್ತ, ಹಾಗೆಯೇ ಹೇಳುತ್ತ, ಅವರು ಒಂದು ವರ್ಷ ತೀರಿಕೊಂಡರು.

ಅವರು ಹೋಗಿ ಇಪ್ಪತ್ತೆರಡು ವರ್ಷವಾದ ಮೇಲೆ ಪೂವಯ್ಯನ ಮಗಳು ದೇಚು ನನ್ನನ್ನು ಗೋಡೆಯಿಂದ ಇಳಿಸಿದಳು. ಅವಳಿಗೆ ಹದಿಮೂರು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಊರಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವಿತ್ತು, ಅವಳಿಗೆ ಸೇರಬೇಕಿತ್ತು. ಕಲಿಸಲು ಒಪ್ಪಿದವರು ಎಂಬತ್ತನಾಲ್ಕರ ಉತ್ತಯ್ಯ. ಮೈಸೂರಿಗೆ ಹೇಳಿ ಕಳಿಸಿ ಹಗುರ ಗುಂಡಿನ ತೋಟೆಯನ್ನೇ ತರಿಸಿದರು. ಗದ್ದೆಯ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಪೂವಯ್ಯ ದೂರದಲ್ಲಿ ಬೆನ್ನು ತಿರುಗಿಸಿ ಪತ್ರಿಕೆ ಓದುತ್ತಿದ್ದ. ಐವತ್ತೈದಾದರೂ ನನಗೆ ಅವನು ಹುಡುಗನೇ.

ದೇಚು ಗುಂಡು ಹಾರಿಸಿದಳು. ನಾನು ಅವಳ ಭುಜ ತಟ್ಟಿದೆ. ಅವಳು ಆಶ್ಚರ್ಯದಿಂದ ನನ್ನನ್ನೇ ತಿರುಗಿಸಿ ನೋಡಿದಳು. "ಅಜ್ಜ, ಇದು ಒದೆಯುದೇ ಇಲ್ಲವಲ್ಲ. ತುಂಬ ಒದೆಯುತ್ತೆ, ಹುಷಾರು ಅಂತ ಅಪ್ಪ ಹೇಳಿದ್ರು."

ಮುದುಕರು ಅವಳ ಕೈಯಿಂದ ನನ್ನನ್ನು ತೆಗೆದು ಮಡಿಲಲ್ಲಿ ಮಲಗಿಸಿಕೊಂಡರು. ಆಮೇಲೆ ಮೊಮ್ಮಗಳಿಗೆ ಹೇಳಲು ಶುರುಮಾಡಿದರು, ಆದರೆ ದನಿ ದೂರದಲ್ಲಿದ್ದ ಮಗನಿಗೂ ಕೇಳುವಷ್ಟಿತ್ತು. ಆವತ್ತು ಬೆಳಿಗ್ಗೆ ತೋಟೆ ಬದಲಿಸಿದವರು ತಾವು. ಮಗನ ಗುರಿ ಸರಿಯಾಗಿತ್ತು. ಪಕ್ಕದಲ್ಲೇ ಕುಳಿತು ಅವನ ಮುಖ ನೋಡಿದ್ದರು, ಅವನು ಕಣ್ಣು ಮುಚ್ಚಿರಲಿಲ್ಲ.

ಪೂವಯ್ಯ ಪತ್ರಿಕೆ ಮಡಿಸಿ ಎದ್ದು ಬಂದ. ಬೈಯುತ್ತಾನೆ ಎಂದುಕೊಂಡೆ. ಅವನು ತಂದೆಯ ಮುಂದೆ ನಿಂತು, "ನನಗೆ ಹೇಳಿದ್ದಾಯ್ತು. ಅವ್ವನಿಗೆ ಯಾರು ಹೇಳುದು?" ಎಂದ.

ಹಬ್ಬದ ಬೆಳಿಗ್ಗೆ ಮನೆಯ ಕೋವಿಗಳನ್ನೆಲ್ಲ ದೀಪದ ಮುಂದೆ ಮಲಗಿಸಿ ನಳಿಗೆಗೆ ಹೂ ಮುಡಿಸಿದರು. ನಡುಮನೆಯ ಆ ದೀಪದ ಮುಂದೆ ತೀರಿಹೋದ ಹಿರಿಯರಿಗೆ ಎಲೆಯಲ್ಲಿ ಎಡೆ ಇಟ್ಟು, ಹೇಳುವುದನ್ನು ಹೇಳಿ, ಕೇಳುವುದನ್ನು ಕೇಳಿಕೊಳ್ಳುವುದು ಇವರ ಪದ್ಧತಿ. ಉತ್ತಯ್ಯ ಕೋಲೂರಿ ಬಂದರು. ಹೆಂಡತಿಯ ಹೆಸರಿನಲ್ಲಿ ಎಲೆ ಇಟ್ಟರು. ಎಲೆಯಿಂದ ಒಂದು ಕಡುಬು ಉರುಳಿತು, ದೇಚು ಎತ್ತಿಟ್ಟಳು.

"ಚೋಂದಮ್ಮ, ನೀನು ಆರಿಸಿದ ಕೋವಿ ಸರಿ ಇತ್ತು. ಮಗನ ಗುರಿಯೂ ಸರಿ ಇತ್ತು. ತೋಟೆ ಬದಲಿಸಿದ್ದು ನಾನು," ಎಂದರು. ತುಟಿಯಂಚಿನಲ್ಲಿ ಆಡಿದ ಮಾತು, ಪಕ್ಕದಲ್ಲಿದ್ದವರಿಗೂ ಸರಿಯಾಗಿ ಕೇಳಿಸಲಿಲ್ಲ.

ಪೂವಯ್ಯ ಹಿಂದಿನಿಂದ ಬಂದು ತಂದೆಯ ಬೆನ್ನಿಗೆ ಅಂಗೈ ಇಟ್ಟ.

"ಇನ್ನೊಂದು ಸಲ ಹೇಳಿ ಅಪ್ಪ, ಗಟ್ಟಿಯಾಗಿ. ಅವ್ವನಿಗೆ ಕೊನೆಗೆ ಕಿವಿ ಮಂದವಾಗಿತ್ತು."

ಉತ್ತಯ್ಯ ಗಟ್ಟಿಯಾಗಿ ಹೇಳಿದರು. ನಡುವೆ ದನಿ ಒಡೆದು ನಿಂತಿತು, ಮತ್ತೆ ಮೊದಲಿನಿಂದ ಹೇಳಿದರು. ನಾನು ದೀಪದ ಕೆಳಗೆ, ಬಾಯಿಗೆ ಹೂ ಮುಡಿಸಿಕೊಂಡು, ಕೇಳುತ್ತ ಮಲಗಿದ್ದೆ.