ಅಪ್ಪನ ಮೂಗು

…ಬರೀ ಕಾಗದದ ವಾಸನೆ, ಅದೂ ಇದೆಯೋ ಇಲ್ಲವೋ, ಕೆರೆದರೆ ವಾಸನೆ ಬಿಡಬೇಕಾದ ಕಾರ್ಡನ್ನು ಉಗುರಿನಿಂದ ಇನ್ನೊಮ್ಮೆ ಕೆರೆದು ಮೂಗಿಗೆ ಹಿಡಿಯುತ್ತೇನೆ, ಎದುರಿಗೆ ಅಣ್ಣನ ಮಗ ಸುಜಯ ಪೆನ್ನು ಹಿಡಿದು ಕಾಯುತ್ತಿದ್ದಾನೆ, ಲವಂಗ, ಬಾಳೆಹಣ್ಣು, ಸೀಮೆಎಣ್ಣಿ, ಗುಲಾಬಿ, ನಾಲ್ಕರಾಗ ಯಾವುದ್ರಿ ತ್ರಿಶಲಾ ಆತ್ಯಾ, ಗೊತ್ತಾಗಲಿಲ್ಲಂದ್ರ ಅಂದಾಜಿಲೆ ಒಂದ್ ಹೇಳ್ರಿ — ಬೆಳಿಗ್ಗೆಯೇ ನನ್ನ ರಕ್ತ ತೆಗೆದುಕೊಂಡಿದ್ದಾನೆ, ನಿಪ್ಪಾಣಿಯ ಈ ಶಾಲೆಯ ಕೋಣೆಯಲ್ಲಿ ಅವನ ಪಾರ್ಕಿನ್ಸನ್ ಸಂಶೋಧನೆಯ ಶಿಬಿರ, ರಕ್ತದಾಗಿನ ಜೀನು, ನಿದ್ದಿ, ನಡಿಗಿ, ಮೂಗು, ಸಾವಿರಾರು ಮಂದೀದು ಕೂಡಿಸಿ ಕಂಪ್ಯೂಟರಿಗೆ ಹಾಕ್ತೀವ್ರಿ, ಯಾರಿಗೆ ಬರೂ ಸಂಭವ ಎಷ್ಟು ಅನ್ನೂದು ಕೈ ನಡುಗೂಕಿಂತ ಮೊದಲ ತಿಳೀಬೇಕು, ಭಾಳ ಮಂದಿಗೆ ವಾಸನಿ ಎಷ್ಟೋ ವರ್ಷ ಮೊದಲ ಹೋಗಿರ್ತೈತ್ರಿ, ನಮ್ಮ ಮನೀದಂತೂ ಬೇಕ ಬೇಕು, ಅಜ್ಜಗ, ಅಜ್ಜನ ತಮ್ಮ ಜಯಪಾಲಜ್ಜಗ, ಇಬ್ಬರಿಗೂ ಬಂದಿತ್ತಲ್ರಿ — ಬಂದಿತ್ತು, ಆದರೆ ಅವನ ಅಜ್ಜನಿಗೆ, ನನ್ನ ಅಪ್ಪನಿಗೆ, ಬಂದದ್ದು ವರ್ಷಗಟ್ಟಲೆ ಯಾರಿಗೂ ತಿಳಿಯಲಿಲ್ಲ, ಹೆಬ್ಬೆರಳು ತೋರುಬೆರಳು ತಮ್ಮಷ್ಟಕ್ಕೆ ತಿಕ್ಕಿಕೊಳ್ಳುತ್ತಿದ್ದವು, ತಂಬಾಕಿನ ವಖಾರದಲ್ಲಿ, ಚೀಲ ತುಂಬಿದ ಗೋದಾಮಿನಲ್ಲಿ, ಬದುಕಿಡೀ ಎಲೆ ತಿಕ್ಕಿ ಪರೀಕ್ಷೆ ಮಾಡಿದ ಕೈ, ದಾದಾಸಾಹೇಬರು ಸುಮ್ಮ ಕುಂತ್ರೂ ಕೈಗೆ ವಖಾರ ಬಿಡವಲ್ದು ಎಂದು ಓಣಿಯವರೆಲ್ಲ ಅಪ್ಪನನ್ನು ನೋಡಿ ನಕ್ಕರು, ನಾವೂ ನಕ್ಕೆವು.

ಆ ವಖಾರ — ಒಳಗೆ ಕಾಲಿಟ್ಟರೆ ಸೀನು, ಕಣ್ಣಲ್ಲಿ ನೀರು, ಆದರೂ ಶಾಲೆ ಬಿಟ್ಟೊಡನೆ ಅಲ್ಲಿಗೇ ಓಟ, ಅಪ್ಪ ಚೀಲಕ್ಕೆ ಕೈಹಾಕಿ ಎಲೆ ತಿಕ್ಕಿ ಮೂಗಿಗೆ ಹಿಡಿದರೆ ವ್ಯಾಪಾರಿಗಳು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು, ಇವರದು ಮೂಗಲ್ಲವ್ವಾ, ತಕ್ಕಡಿ ಅನ್ನುತ್ತಿದ್ದಳು ಅವ್ವ — ಎಷ್ಟು ಚೆನ್ನಾಗಿತ್ತು ಆಗ, ಎಲ್ಲಕ್ಕೂ ಒಂದೊಂದು ವಾಸನೆಯಿತ್ತು, ಇಂಗಿನ ಒಗ್ಗರಣೆ, ಶಿರಗುಪ್ಪಿಯಲ್ಲಿ ಅವ್ವನ ತಂಗಿ ಮಾವಶಿಯ ಹೊಲದಲ್ಲಿ ಕುದಿಯುವ ಬೆಲ್ಲದ ಕೊಪ್ಪರಿಗೆ, ನೆನೆದರೆ ಈಗಲೂ ಬಾಯಲ್ಲಿ ನೀರು, ಈ ಕಾರ್ಡಿನಲ್ಲಿ ಮಾತ್ರ ಏನೂ ಇಲ್ಲ — ನೆಗಡಿ ಇರಬೇಕು, ಎಲ್ಲಿಯ ನೆಗಡಿ, ದೀಪಾವಳಿಯಿಂದ ಚಹಾಕ್ಕೆ ಯಾಲಕ್ಕಿ ಹಾಕಿಲ್ಲವೇ ಎಂದು ಸೊಸೆಯನ್ನು ಕೇಳುತ್ತಲೇ ಇದ್ದೇನೆ, ಅಪ್ಪನೂ ಹೀಗೇ ಅವ್ವನನ್ನು ಕೇಳುತ್ತಿದ್ದ, ಸಾರಿಗೆ ಇಂಗ ಹಾಕೀಯೋ ಇಲ್ಲೋ ಮಂಗಲಾ, ಹಾಕೀನ್ರಿ, ಇನ್ನೆಷ್ಟ ಹಾಕ್ಲಿ, ಒಂದು ದಿನ ಒಲೆಯ ಪಕ್ಕದಲ್ಲೇ ಪೇಪರು ಓದುತ್ತ ಕುಳಿತಿದ್ದ, ಹಾಲು ಸೀದು ವಾಸನೆ ಓಣಿಯ ತುದಿ ಮುಟ್ಟಿತು, ಮೂಗ ವಖಾರದಾಗ ಇಟ್ಟ ಬಂದೀರೇನ್ರಿ ಎಂದು ಅವ್ವ ಕೂಗಾಡಿದಳು, ಅಪ್ಪ ನಕ್ಕ, ನಾನಾಗ ಶಾಲೆಯಲ್ಲಿ ಏಳನೆಯ ಇಯತ್ತೆ, ಕೈ ನಡುಗಲು ಶುರುವಾದದ್ದು ನನ್ನ ಮದುವೆಯಾದ ಮೇಲೆ — ಹೇಳ್ರಿ ಆತ್ಯಾ — ಲವಂಗ ಎಂದುಬಿಡಲೇ, ಸರಿಬಿದ್ದರೆ ಬಿದ್ದೀತು, ಆದರೆ ಸುಳ್ಳು ಕಂಪ್ಯೂಟರಿಗೆ ಹೋಗುತ್ತದೆ, ಸುಜಯನ ಮೈಯಲ್ಲಿ ಹರಿಯುವುದೂ ಇದೇ ರಕ್ತ, ನಾಳೆ ಅವನಿಗೂ ನಿಜ ಬೇಕಾದೀತು — ವಾಸನಿ ಏನೂ ಬರವಲ್ದೋ ಸುಜಯಾ, ಅಂದೆ, ಅವನ ಪೆನ್ನು ನಿಂತಿತು, ಇದೊಂದರಿಂದ ಆ ರೋಗ ಬರತೈತಿ ಅಂತಲ್ರಿ, ಕೊರೊನಾದಿಂದೂ ಮೂಗ ಹೋಗಿರ್ತೈತಿ ಅನ್ನುತ್ತಿದ್ದಾನೆ, ನನಗೆ ಹೆದರಿಕೆಯಾಗುತ್ತಿದೆ, ಅಪ್ಪನಿಗೂ ಆಗಿತ್ತೇ, ಯಾರ ಮುಂದೆ ಹೇಳಿಕೊಂಡಾನು, ಹಾಲು ಸೀದ ಆ ವರ್ಷ ದಿನಾ ಸಂಜೆ ನನ್ನನ್ನು ಹತ್ತಿರ ಎಳೆದುಕೊಂಡು ಎಣ್ಣೆ ಹಚ್ಚಿದ ತಲೆಗೆ ಮೂಗು ಒತ್ತುತ್ತಿದ್ದ, ಮುದ್ದು ಎಂದುಕೊಂಡಿದ್ದೆ, ಮುದ್ದೇ ಇದ್ದೀತು, ಆದರೆ ಅಷ್ಟು ಹೊತ್ತು ಯಾಕೆ, ಕಣ್ಣು ಮುಚ್ಚಿ, ಉಸಿರೆಳೆದು, ಬಿಟ್ಟು, ನನ್ನ ತಲೆಗೆ ಮೂಗು ಒತ್ತಿ ಮತ್ತೆ ಎಳೆದು, ಮತ್ತೆ —