ನೋಟ್‌ಬುಕ್ಕಿನ ಮೇಲಿಟ್ಟ ಲೋಟ

ವಿರುಪಾಕ್ಷ ನಾಲ್ಕನೆಯ ರೊಟ್ಟಿಗೆ ಕೈ ಚಾಚಿದಾಗ ಗಂಟೆ ಒಂದೂವರೆಯಾಗಿತ್ತು. ಸುಜಾತಾಳ ಮಗಳನ್ನು ಅವನು ಸಂದರ್ಶನ ಮಾಡುವುದು ಹನ್ನೊಂದಕ್ಕೆ ಶುರುವಾಗಬೇಕಿತ್ತು. ಸುಜಾತಾ ಒಲೆಯ ಮುಂದೆ ನಿಂತು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಲೇ, ಹಿಂದೆ ಊಟದ ಟೇಬಲ್ಲಿನಿಂದ ಬರುವ ಒಂದೊಂದು ಮಾತಿಗೂ ಕಿವಿ ಕೊಟ್ಟಿದ್ದಳು. ಇಷ್ಟು ಹೊತ್ತಿನಲ್ಲಿ ಮಗಳ ದನಿ ಒಮ್ಮೆಯೂ ಕೇಳಿರಲಿಲ್ಲ.

"ವೈನಿ, ಇಂಥಾ ರೊಟ್ಟಿ ತಿಂದು ಎಷ್ಟ ವರ್ಷ ಆತ್ರೀ! ಮೆಲ್ಬರ್ನ್‌ದಾಗ ನಮ್ಮ ಮನಿಯಾಕಿ ಪ್ಯಾಕೆಟ್ ಒಡದು ಕೊಡ್ತಾಳ. ಹಲ್ಲಿಗೆ ವ್ಯಾಯಾಮ ಅಷ್ಟ."

"ಸಂಕೋಚ ಮಾಡ್ಬ್ಯಾಡೋ, ಇನ್ನೊಂದ ಹಾಕ್ಕೋ," ಎಂದು ಸುಜಾತಾಳ ಗಂಡ ಸಂಜು ಎಣ್ಣೆಗಾಯಿಯ ಪಾತ್ರೆಯನ್ನು ಅವನತ್ತ ಸರಿಸಿದ. ಎರಡು ಗಂಟೆಯ ಹಿಂದೆ 'ರೀ' ಅನ್ನುತ್ತಿದ್ದವನು ಈಗ 'ಲೇ' ಅನ್ನುವ ಮಟ್ಟಕ್ಕೆ ಬಂದಿದ್ದ. ಇಬ್ಬರೂ ಹುಬ್ಬಳ್ಳಿಯ ಒಂದೇ ಶಾಲೆ. ಸಂಜು ಬಿಟ್ಟ ವರ್ಷ ವಿರುಪಾಕ್ಷ ಸೇರಿದ್ದು. ಗಣಿತದ ಮಾಸ್ತರರು ಯಾವ ಹುಡುಗನ ಕಿವಿಯನ್ನು ಯಾವ ಕೈಯಿಂದ ಹಿಂಡುತ್ತಿದ್ದರು ಎಂಬಲ್ಲಿಯವರೆಗೆ ಮಾತು ಹೋಗಿತ್ತು.

ಟೇಬಲ್ಲಿನ ತುದಿಯಲ್ಲಿ ಮಗಳು ಮಹಾಶ್ವೇತಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮುಂದೆ ಫೈಲು, ಫೈಲಿನ ಮೇಲೆ ತನ್ನ ನೀಲಿ ನೋಟ್‌ಬುಕ್ಕು ಇಟ್ಟುಕೊಂಡು ಕೂತಿದ್ದಳು. ತಾಟಿನಲ್ಲಿ ಬಡಿಸಿದ್ದು ಹಾಗೆಯೇ ಇತ್ತು.

ಅವಳಿಗೆ ಪಶುವೈದ್ಯಕೀಯ ಓದಬೇಕು. ಮೆಲ್ಬರ್ನಿನ ಒಂದು ಯೂನಿವರ್ಸಿಟಿಯ ಆವರಣದೊಳಗಿನ ವಸತಿ ಕಾಲೇಜಿನಲ್ಲಿ ಮೂರು ಸ್ಕಾಲರ್‌ಷಿಪ್ ಸೀಟುಗಳಿದ್ದವು. ಅದು ಸಿಕ್ಕರೆ ಮಾತ್ರ ಸಿಡ್ನಿ ಬಿಟ್ಟು ಅಷ್ಟು ದೂರ ಹೋಗುವ ಮಾತು. ಅಂಕ ನೋಡಿ ಆರಿಸಿದ ಮಕ್ಕಳನ್ನು ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬರು ಭೇಟಿಯಾಗಿ, ನಲವತ್ತು ನಿಮಿಷ ಮಾತನಾಡಿಸಿ, ಐದಕ್ಕೆ ಇಷ್ಟೆಂದು ಅಂಕ ಕೊಟ್ಟು ಎರಡು ಪುಟ ಬರೆದು ಕಳಿಸಬೇಕು. ಭೇಟಿ ಲೈಬ್ರರಿಯಲ್ಲಿ, ಮನೆಯಲ್ಲಿ ಕೂಡದು, ತಂದೆತಾಯಿ ಹತ್ತಿರ ಇರಕೂಡದು ಎಂದು ಕಾಲೇಜಿನ ಈಮೇಲು ದಪ್ಪ ಅಕ್ಷರದಲ್ಲಿ ಹೇಳಿತ್ತು. ಆದರೆ ಬರುವವನ ಹೆಸರು ವಿರುಪಾಕ್ಷ, ಊರು ಹುಬ್ಬಳ್ಳಿ ಎಂದು ಗೊತ್ತಾದ ಕ್ಷಣ, "ಅಷ್ಟ ದೂರದಿಂದ ಬಂದಾವ್ರು ಲೈಬ್ರರ್‍ಯಾಗ ಕುಂತು ಒಣಾ ಸ್ಯಾಂಡ್‌ವಿಚ್ ತಿಂದು ಹೋಗ್ತಾರೇನು? ಮನೀಗೆ ಕರೀರಿ," ಎಂದವಳು ಸುಜಾತಾಳೇ. ಬೆಳಿಗ್ಗೆ ಐದಕ್ಕೆದ್ದು ಹಿಟ್ಟು ನಾದಿದವಳೂ ಅವಳೇ. ಮಗಳು ಬೇಡ, ಬೇಡ ಎಂದು ಎರಡು ದಿನ ಹೇಳಿದ್ದಳು.

"ಅಂಕಲ್," ಎಂದಳು ಮಹಾಶ್ವೇತಾ ಈಗ. "ವೆನ್ ಡೂ ವಿ ಸ್ಟಾರ್ಟ್?"

"ಏನು ಸ್ಟಾರ್ಟು?" ವಿರುಪಾಕ್ಷ ನಕ್ಕ. "ಇಂಟರ್‌ವ್ಯೂ ಏನು? ಅದು ಆಗಿಹೋತಲ್ಲವಾ! ನಿಮ್ಮಪ್ಪನ್ನ ನೋಡಿದೆ, ನಿಮ್ಮವ್ವನ ಕೈ ರೊಟ್ಟಿ ತಿಂದೆ. ಇನ್ನ ನಿನ್ನ ಏನ್ ಕೇಳೂದದ? ಐದಕ್ಕ ಐದು. ನಮ್ಮ ಹುಡುಗೀಗೆ ನಾ ಬರೀಲಿಲ್ಲಂದ್ರ ಮತ್ಯಾರ್ ಬರೀತಾರ?"

ಹಾಗೆನ್ನುತ್ತ ಅವನು ಮಜ್ಜಿಗೆ ಕುಡಿದು, ಲೋಟವನ್ನು ಕೈಗೆ ಹತ್ತಿರವಿದ್ದ ನೀಲಿ ನೋಟ್‌ಬುಕ್ಕಿನ ಮೇಲೆ ಇಟ್ಟ.

ಸುಜಾತಾ ತಿರುಗಿ ನೋಡಿದಳು. ಎರಡು ವರ್ಷದ ನೋಟ್‌ಬುಕ್ಕು ಅದು. ಸಿಡ್ನಿಯ ಅಂಚಿನಲ್ಲಿ ಅವರಿರುವ ಸ್ಕೋಫೀಲ್ಡ್ಸ್‌ನಲ್ಲಿ ಹೊಸ ಮನೆಗಳಿಗಾಗಿ ಹೊಂಡಗಳನ್ನು ಮುಚ್ಚಿದ ಮೇಲೆ, ಮಳೆ ಬಂದಾಗೆಲ್ಲ ಉದ್ದ ಕತ್ತಿನ ಆಮೆಗಳು ನೀರು ಹುಡುಕಿಕೊಂಡು ರಸ್ತೆಗೆ ಬರುತ್ತಿದ್ದವು. ಕಾರಿನ ಗಾಲಿಗೆ ಸಿಕ್ಕುತ್ತಿದ್ದವು. ಪ್ರಾಣಿರಕ್ಷಣೆಯ ತಂಡ ಸೇರಿದ್ದ ಮಗಳು ಅವನ್ನು ಎತ್ತಿ, ಬಟ್ಟೆಯ ಬುಟ್ಟಿಯಲ್ಲಿಟ್ಟು ಹಳ್ಳಕ್ಕೆ ಬಿಟ್ಟು ಬರುತ್ತಿದ್ದಳು. ನೂರಾ ಹದಿನೇಳು ಆಮೆಗಳು. ಯಾವ ರಸ್ತೆ, ಎಷ್ಟು ತೂಕ, ಚಿಪ್ಪು ಎಲ್ಲಿ ಸೀಳಿತ್ತು, ಬದುಕಿತೋ ಇಲ್ಲವೋ. ಹೆದರಿದ ಆಮೆ ಬಿಡುವ ಕೆಟ್ಟ ವಾಸನೆ ಮೂರು ದಿನ ಅಂಗೈಯಿಂದ ಹೋಗುತ್ತಿರಲಿಲ್ಲ. ತನ್ನ ಅಡುಗೆಮನೆಯ ತಕ್ಕಡಿಯಲ್ಲಿ ಆಮೆ ತೂಗಿದ್ದಕ್ಕೆ ಸುಜಾತಾ ಗೊಣಗಿದ್ದೂ ಇತ್ತು.

"ಅಡಿಗಿ ಬರ್ತದೇನು ನಿನಗ?" ಎಂದ ವಿರುಪಾಕ್ಷ, ಎದ್ದು ಕೈ ತೊಳೆಯಲು ಹೋಗುತ್ತ. ಅವತ್ತು ಅವನು ಮಹಾಶ್ವೇತಾಳಿಗೆ ಕೇಳಿದ ಒಂದೇ ಪ್ರಶ್ನೆ ಅದು. ಉತ್ತರಕ್ಕೂ ಕಾಯಲಿಲ್ಲ. ಹೋಗುವಾಗ ಸಂಜು ಅವನ ಕೈಗೆ ಶೇಂಗಾ ಚಟ್ನಿಯ ಡಬ್ಬಿ, ರೊಟ್ಟಿಯ ಕಟ್ಟು ಕೊಟ್ಟ.

ಕಾರು ಮರೆಯಾದ ಮೇಲೆ ಮಹಾಶ್ವೇತಾ ಲೋಟ ಎತ್ತಿದಳು. ನೀಲಿ ರಟ್ಟಿನ ಮೇಲೆ ದುಂಡಗೆ ಒದ್ದೆಯ ಗುರುತು. ಅಂಗಿಯ ತೋಳಿನಿಂದ ಒರೆಸಿದಳು. ಅದು ಇನ್ನಷ್ಟು ಹರಡಿತು.

"ಅವರು ನನ್ನ ಒಂದೂ ಮಾತು ಕೇಳಲಿಲ್ಲ," ಎಂದಳು ಇಂಗ್ಲಿಷಿನಲ್ಲಿ.

"ಸೀಟ್ ಸಿಕ್ತಲ್ಲ!" ಎಂದ ಸಂಜು. "ಕೇಳಿದ್ರೇನು, ಬಿಟ್ರೇನು? ಹುಚ್ಚಿ, ಖುಷಿಪಡು."

ಅವಳು ಖುಷಿಪಡಲಿಲ್ಲ. ಮೆಟ್ಟಿಲೇರಿ ಹೋಗಿ ಬಾಗಿಲು ಹಾಕಿಕೊಂಡಳು. ಆ ಸಪ್ಪಳಕ್ಕೆ ಗೋಡೆಯ ಮೇಲಿನ ಗುರುಗಳ ಫೋಟೋ ಓರೆಯಾಯಿತು.

ಮರುದಿನ ಸಿಡ್ನಿಯದೇ ಇನ್ನೊಂದು ಬಡಾವಣೆ ಎಪ್ಪಿಂಗಿನಿಂದ ಮಗಳ ಗೆಳತಿ ಪ್ರಾರ್ಥನಾ ಬಂದಳು. ಅವಳೂ ಅದೇ ಸೀಟಿಗೆ ಅರ್ಜಿ ಹಾಕಿದ್ದಳು. ಬೆಳಿಗ್ಗೆ ಅವಳ ಸಂದರ್ಶನವೂ ಮುಗಿದಿತ್ತು, ಅದೇ ವಿರುಪಾಕ್ಷನಿಂದ, ಅಲ್ಲಿಯ ಲೈಬ್ರರಿಯಲ್ಲಿ. "ಆಂಟಿ, ಐವತ್ತು ನಿಮಿಷ! ನೀರಿಳಿಸಿಬಿಟ್ರು ನಂಗೆ," ಎಂದಳು ಆ ಬೆಂಗಳೂರಿನವರ ಹುಡುಗಿ, ಬೂಟು ಬಿಚ್ಚುತ್ತ. "ಯಾವತ್ತು ಸೋತಿದ್ದೀಯ, ಆಮೇಲೆ ಏನ್ಮಾಡ್ದೆ ಅಂದ್ರು. ನಾನು ಏನೋ ಹೇಳೋಕೆ ಹೋಗಿ ಅತ್ತೇಬಿಟ್ಟೆ. ಅವರು ಸುಮ್ನೆ ಕೂತಿದ್ರು, ಅರ್ಜೆಂಟ್ ಮಾಡ್ಲಿಲ್ಲ. ನಂಗೇ ಗೊತ್ತಿಲ್ದಿದ್ದೆಲ್ಲ ನನ್ ಬಾಯಿಂದ ಬಂತು, ಗೊತ್ತಾ? ಎಷ್ಟು ಕೊಡ್ತಾರೋ ಏನೋ. ಮೂರು ಕೊಟ್ರೂ ಪರ್ವಾಗಿಲ್ಲ ಅನ್ನಿಸ್ತು."

ಮಹಾಶ್ವೇತಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಸುಜಾತಾಳಿಗೆ ಉರಿದುಹೋಯಿತು. ಆ ಮನುಷ್ಯನಿಗೆ ಕೇಳಲು ಬರುತ್ತದೆ! ಬರುವುದಿಲ್ಲ ಎಂದಿದ್ದರೆ ಒಂದು ಮಾತು. ಬೇರೆಯವರ ಮಗಳ ಮುಂದೆ ಐವತ್ತು ನಿಮಿಷ ಕಿವಿಯಾಗಿ ಕೂತವನು ತನ್ನ ಮಗಳ ಮುಂದೆ ಬರೀ ಬಾಯಿಯಾಗಿ ಕೂತು ತಿಂದು ಹೋದ.

ಈ ಉರಿ ಅವಳಿಗೆ ಹೊಸದಲ್ಲ. ಇಪ್ಪತ್ತಾರು ವರ್ಷದ ಹಿಂದೆ ಧಾರವಾಡದಲ್ಲಿ ಎಂ.ಎಸ್ಸಿ. ಸೀಟಿನ ಸಂದರ್ಶನಕ್ಕೆಂದು ಅವಳು ಗಿಡಗಳ ಹೆಸರುಗಳನ್ನು ಪದ್ಯದ ಹಾಗೆ ಬಾಯಿಪಾಠ ಮಾಡಿಕೊಂಡು ಹೋಗಿದ್ದಳು. ಒಳಗೆ ಕೂತಿದ್ದ ಹಿರಿಯರು ಕಾಗದ ನೋಡಿ, "ಶಿವಪುತ್ರಪ್ಪನ ಮಗಳೇನು? ಅರಾಮದಾನ? ಹೋಗವಾ, ಆತು," ಎಂದಿದ್ದರು. ಬಾಗಿಲಿನಿಂದ ಕುರ್ಚಿಯವರೆಗೆ ನಡೆದಷ್ಟೂ ಹೊತ್ತು ಹಿಡಿದಿರಲಿಲ್ಲ. ಎರಡು ವರ್ಷ ಎಲ್ಲರ ಬಾಯಲ್ಲೂ ಅವಳು 'ವಶೀಲಿ ಸೀಟು'. ಅಲ್ಲ ಎಂದು ವಾದಿಸಲು ಅವಳ ಕೈಯಲ್ಲಿ ಏನೂ ಇರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ, ಇಲ್ಲವೋ? ಇಂದಿಗೂ ತಾನು ಕೆಲಸ ಮಾಡುವ ಲ್ಯಾಬಿನಲ್ಲಿ ಜನರ ತೋಳಿಗೆ ಪಟ್ಟಿ ಬಿಗಿದು ರಕ್ತ ತೆಗೆಯುವಾಗ, ಸುಮ್ಮನೆ ಎಲ್ಲಿಂದಲೋ ಆ ಹೆಸರುಗಳು ಸಾಲಾಗಿ ನಾಲಿಗೆಗೆ ಬರುತ್ತವೆ.

ಆ ಸೀಟಿಗೆ ಅಪ್ಪ ಹೇಳಿ ಕಳಿಸಿರಲಿಲ್ಲ. ಅವರು ಅಂಥವರಲ್ಲ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಬ್ಬರು ಪದ್ಯ ಓದಿ ಇನ್ನೊಬ್ಬರು ಅರ್ಥ ಹೇಳುವ ನಡುವಿನ ಸಣ್ಣ ಬಿಡುವಿನಲ್ಲಿ ಅವಳು ಪಿಸುಗುಟ್ಟಿದರೆ ತೊಡೆಯ ಮೇಲೆ ಮೆಲ್ಲಗೆ ತಟ್ಟುತ್ತಿದ್ದರು. "ಓದಾವ್ರಿಗೆ ಜಾಗಾ ಬಿಡು," ಎನ್ನುತ್ತಿದ್ದರು.

ಆ ಮಧ್ಯಾಹ್ನ ಅವಳು ವಿರುಪಾಕ್ಷನಿಗೆ ಫೋನ್ ಮಾಡಿದಳು. ಸಂಜು ಎದುರಿಗೇ ಕೂತಿದ್ದ.

"ಹೇಳ್ರಿ ವೈನಿ! ಚಟ್ನಿ ಅರ್ಧಾ ಖಾಲಿ ಆತು ನೋಡ್ರಿ."

"ನನ್ನ ಮಗಳು ಏನ್ ಓದಬೇಕು ಅಂತಾಳ, ಹೇಳ್ರಿ ನೋಡೋಣು."

"ಏನು?"

"ಏನ್ ಓದಾಕಿ ಅಕಿ? ಐದಕ್ಕ ಐದು ಬರದೀರಲ್ಲ. ಏನಂತ ಬರದೀರಿ?"

"ವೈನಿ, ಫಾರ್ಮಿನ್ಯಾಗ ಎಲ್ಲಾ ಅದಲ್ಲ… ಮೆಡಿಸಿನ್ ಹೌದಿಲ್ಲೋ?"

"ಎರಡು ತಾಸು ನಮ್ಮನ್ಯಾಗ ಕುಂತಿದ್ರಿ. ಅಕಿ ಬರದ ಪುಸ್ತಕದ ಮ್ಯಾಲೆ ಲೋಟಾ ಇಟ್ರಿ. ಅದರಾಗ ಏನದ ಅಂತ ಸೈತ ಕೇಳಲಿಲ್ಲ."

"ನಾ ಸಹಾಯ ಮಾಡೇನ್ರಿ!" ಅವನ ದನಿ ಏರಿತು. "ಮಂದಿ ಕಾಲು ಹಿಡಿತಾರ ಇದಕ್ಕ. ನೀವು ನೋಡಿದ್ರ ಜಗಳಕ್ಕ ನಿಂತೀರಿ."

"ನೀವು ಬರದದ್ದು ವಾಪಸ್ ತಗೋರಿ. ಅಕಿನ್ನ ಲೈಬ್ರರ್‍ಯಾಗ ಕುಂದ್ರಿಸಿ ಕೇಳ್ರಿ. ಎರಡು ಕೊಡ್ರಿ, ಒಂದು ಕೊಡ್ರಿ. ಕೇಳಿ ಕೊಡ್ರಿ."

"ಆಗಂಗಿಲ್ಲ. ನಿನ್ನೆ ರಾತ್ರಿನ ಸಬ್ಮಿಟ್ ಆಗೇದ," ಎಂದು ಅವನು ಫೋನ್ ಇಟ್ಟ.

ಸಂಜು ಎದ್ದು ನಿಂತಿದ್ದ. ಸಿಟ್ಟಿಗೆ ಅವನ ಮೂಗಿನ ತುದಿ ಕೆಂಪಾಗಿತ್ತು. "ಏನ್ ಮಾಡಿದಿ ನೀ? ಮನೀಗೆ ಬಂದ ಮನಷ್ಯಾನ್ನ ಹಿಂಗ… ನಾಳೆ ಕನ್ನಡ ಸಂಘದಾಗ ಮಾರಿ ಹೆಂಗ ತೋರಸ್ಲಿ?"

"ನಿಮ್ಮ ಮಾರಿ ಚಿಂತಿ ನಿಮಗ. ಆ ಕೂಸಿನ ಮಾರಿ ನೋಡಿರೇನು?"

"ಕಾಲೇಜಿಗೆ ಗೊತ್ತಾದ್ರ ಅರ್ಜೀನ ಹರದು ಒಗೀತಾರ! ಕೈಯಾಗಿನ ಸೀಟು!"

"ಅದು ಅಕಿ ಸೀಟಲ್ಲ. ನನ್ನ ರೊಟ್ಟಿ ಸೀಟು," ಎಂದಳು ಸುಜಾತಾ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಮೆಟ್ಟಿಲ ಮೇಲೆ ಮಹಾಶ್ವೇತಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಕೈಯಲ್ಲಿ ಲ್ಯಾಪ್‌ಟಾಪು. "ಮಮ್ಮಿ, ನಡೆದದ್ದನ್ನೆಲ್ಲ ನಾನು ಕಾಲೇಜಿಗೆ ಬರೆದಿಟ್ಟಿದ್ದೇನೆ. ಕಳಿಸಿಲ್ಲ," ಎಂದಳು ಇಂಗ್ಲಿಷಿನಲ್ಲಿ. "ಕಳಿಸಿದರೆ ಎಲ್ಲಾ ಹೋಗಬಹುದು."

ಸುಜಾತಾ ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆಯೇ ಕೂತು ಓದಿದಳು. ನೆಟ್ಟಗಿತ್ತು. ಕಣ್ಣೀರು ಸುರಿಸುವ ಒಂದು ಸಾಲೂ ಇರಲಿಲ್ಲ. "ಕೆಳಗ ನನ್ನ ಹೆಸರಿಲೆ ಒಂದ ಸಾಲು ಹಾಕು," ಎಂದಳು. "ಮನೀಗೆ ಕರದಾಕಿ ನಾನು. ಅಡಿಗಿ ಮಾಡಿ ಕುಂದ್ರಿಸಿದಾಕಿ ನಾನು. ತಪ್ಪು ನನ್ನದು. ನನ್ನ ಮಗಳನ್ನ ಯಾರೂ ಏನೂ ಕೇಳಲಿಲ್ಲ." ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡಿದಳು. ಕಳಿಸುವ ಗುಂಡಿ ಒತ್ತಿದ್ದು ಅವಳೇ.

ಒಂಬತ್ತು ದಿನದ ಮೇಲೆ ಉತ್ತರ ಬಂತು. ಹಳೆಯ ವರದಿ ರದ್ದು. ನಿಯಮ ಮುರಿದ ವಿಷಯ ಅರ್ಜಿಯ ಜೊತೆಗೇ ಇರುತ್ತದೆ. ಬೇಕಿದ್ದರೆ ಹೊಸ ಸಂದರ್ಶನ, ಮೆಲ್ಬರ್ನಿನಲ್ಲಿ, ಬೇರೆಯವರಿಂದ. ಸೀಟಿನ ಬಗ್ಗೆ ಯಾವ ಭರವಸೆಯೂ ಇಲ್ಲ. ಸಂಜು ಓದಿ, "ಬಂಗಾರದಂಥಾ ಸೀಟು, ಕೈಯಾರ ಕೆಡಿಸಿಕೊಂಡ್ರಿ," ಎಂದ. ಆಮೇಲೆ ಮಾತು ಬಿಟ್ಟ. ತಾಯಿ ಮಗಳು ಮೆಲ್ಬರ್ನಿಗೆ ಹೊರಡುವ ದಿನ ಏರ್‌ಪೋರ್ಟಿಗೆ ಕಾರು ಓಡಿಸಿದ. ಇಳಿಯಲಿಲ್ಲ, ಡಿಕ್ಕಿ ಮಾತ್ರ ಒಳಗಿನಿಂದಲೇ ತೆರೆದ.

ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ರೈಲಿನ ಹಳಿ ಮುಗಿಯುತ್ತದೆ. ಇಳಿದು ನಾಲ್ಕು ಹೆಜ್ಜೆ ನಡೆದರೆ ಲೈಬ್ರರಿ. ಒಳಗೆ ಗಾಜಿನ ಗೋಡೆಯ ಸಣ್ಣ ಕೋಣೆಯ ಮುಂದೆ ಹೆಲೆನ್ ಎಂಬ ಹೆಂಗಸು ಕಾಯುತ್ತಿದ್ದಳು. ಅರವತ್ತರ ಹತ್ತಿರ, ಕತ್ತರಿಸಿದ ಬಿಳಿ ಕೂದಲು, ಕೈಯಲ್ಲಿ ತನ್ನದೇ ನೀರಿನ ಬಾಟಲಿ. ಮಹಾಶ್ವೇತಾಳ ಕೈ ಕುಲುಕಿದಳು. ಸುಜಾತಾಳಿಗೆ ತಲೆ ಬಾಗಿಸಿ, ದೂರದ ಕುರ್ಚಿ ತೋರಿಸಿದಳು. ನಗಲಿಲ್ಲ.

ಸುಜಾತಾಳ ಬಲಗೈ ತನ್ನಷ್ಟಕ್ಕೆ ಚೀಲದೊಳಗೆ ಹೋಯಿತು. ಬರುವ ಮುಂಚೆ ಏನೂ ಒಯ್ಯಬಾರದೆಂದು ಎಷ್ಟು ಅಂದುಕೊಂಡರೂ ಕೈ ಕೇಳದೆ ತುಂಬಿಕೊಂಡಿದ್ದ ಚಕ್ಕುಲಿಯ ಸ್ಟೀಲು ಡಬ್ಬಿ ಬೆರಳಿಗೆ ತಗಲಿತು. ಮಗಳು ಅದನ್ನು ನೋಡಿದಳು. ಸುಜಾತಾ ಬರಿಗೈ ಹೊರಗೆ ತೆಗೆದಳು.

ಗಾಜಿನ ಬಾಗಿಲು ಮುಚ್ಚಿತು. ಇನ್ನು ಮಾತು ಕೇಳುವುದಿಲ್ಲ, ತುಟಿಗಳಷ್ಟೇ ಕಾಣುತ್ತವೆ. ಹೆಲೆನ್ ಏನೋ ಕೇಳಿದಳು. ಮಹಾಶ್ವೇತಾ ಹೇಳಿದಳು. ಮತ್ತೆ ಕೇಳಿದಳು. ಒಮ್ಮೆ ಮಗಳು ಎರಡೂ ಕೈಯಲ್ಲಿ ಇಲ್ಲದ ಆಮೆಯೊಂದನ್ನು ಎತ್ತಿ ಹಿಡಿದು, ಆಮೇಲೆ ಅಂಗೈ ಮೂಸಿ ಮುಖ ಕಿವಿಚಿದಳು. ಆ ಬಿಗಿದ ಮುಖದ ಹೆಂಗಸು ತಲೆ ಹಿಂದಕ್ಕೆ ಹಾಕಿ ನಕ್ಕಿದ್ದು ಗಾಜು ದಾಟಿ ಸಣ್ಣಗೆ ಕೇಳಿಸಿತು.

ನಂತರ ಅವಳು ನಗು ನಿಲ್ಲಿಸಿ ನೀಲಿ ನೋಟ್‌ಬುಕ್ಕನ್ನು ತನ್ನ ಕಡೆ ಎಳೆದುಕೊಂಡಳು. ರಟ್ಟಿನ ಮೇಲಿನ ದುಂಡನೆಯ ಗುರುತಿನ ಸುತ್ತ ಬೆರಳಾಡಿಸಿ, ಕಣ್ಣೆತ್ತಿ ಏನೋ ಕೇಳಿದಳು.

ಮಹಾಶ್ವೇತಾ ಗಾಜಿನಾಚೆಯಿಂದ ಒಮ್ಮೆ ತಾಯಿಯತ್ತ ನೋಡಿ, ಮತ್ತೆ ಟೇಬಲ್ಲಿನತ್ತ ತಿರುಗಿದಳು. ಹೆಲೆನ್ ಕೈ ಕಟ್ಟಿಕೊಂಡು ಕಾಯುತ್ತಿದ್ದಳು.

ಹೊರಗೆ ಸುಜಾತಾ ಕಾಲು ಮಡಚಿಕೊಂಡು, ಚೀಲವನ್ನು ತೊಡೆಯ ಮೇಲೆತ್ತಿ ಎರಡೂ ಕೈಯಿಂದ ಒತ್ತಿ ಹಿಡಿದಳು, ಒಳಗಿನ ಡಬ್ಬಿ ಸದ್ದು ಮಾಡದ ಹಾಗೆ.